ಎಂಜಿನ್ ಮೌಂಟ್ ಬದಲಾವಣೆ ಮತ್ತು ಹೆಡರ್ ಜೋಡಣೆ: 1969ರ ಕ್ಯಾಮರೊ ಕಾರಿನ ಮೇಲೆ ಒಂದೇ ಬಾರಿಗೆ ಎರಡು ಕೆಲಸ

ಹಳೆಯ ಅಮೆರಿಕನ್ ವಿ-8 ಕಾರುಗಳನ್ನು ಮನೆಯ ಗ್ಯಾರೇಜಿನಲ್ಲಿಯೇ ದುರಸ್ತಿ ಮಾಡಿಕೊಳ್ಳುವ ಬಹಳಷ್ಟು ಜನರು ಎಂಜಿನ್ ಮೌಂಟ್ (ಎಂಜಿನ್ನನ್ನು ಫ್ರೇಮಿನ ಮೇಲೆ ಹೊತ್ತು ಹಿಡಿಯುವ ಆಸರೆ) ಬದಲಿಸುವುದನ್ನೂ ಎಕ್ಸಾಸ್ಟ್ ಹೆಡರ್ (ಸಿಲಿಂಡರುಗಳ ಹೊಗೆಯನ್ನು ಹೊರಗೊಯ್ಯುವ ಕೊಳವೆಗಳ ಗೊಂಚಲು) ಕೂರಿಸುವುದನ್ನೂ ಎರಡು ಬೇರೆ ಬೇರೆ ಕೆಲಸಗಳೆಂದು ಎಣಿಸುತ್ತಾರೆ. ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆಲೆಸಿದ ಮೇಲೆ 1969ರ ಷೆವರ್ಲೆ ಕ್ಯಾಮರೊ ಕಾರೊಂದನ್ನು ಕೊಂಡ ನಾನೂ ಹಾಗೆಯೇ ಎಣಿಸಿದ್ದೆ. ಮೊದಲು ಹೆಡರ್ ತಂದು ಕೂರಿಸಿದೆ. ಎಡಗಡೆಯ ಒಂದು ಕೊಳವೆ ಸ್ಟೀರಿಂಗ್ ದಂಡಕ್ಕೆ ತಾಗಿತು. ಹೆಡರಿನ ಅಳತೆಯೇ ತಪ್ಪಿರಬೇಕೆಂದು ತಿಳಿದು ಎರಡು ವಾರ ಅದರ ಹಿಂದೆ ಬಿದ್ದೆ. ಕೊನೆಗೆ ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದಾಗ, ಎಣ್ಣೆ ಕುಡಿದು ಮೆತ್ತಗಾಗಿದ್ದ ರಬ್ಬರ್ ಮೌಂಟುಗಳು ಕುಸಿದು ಎಂಜಿನ್ನೇ ಕಾಲು ಅಂಗುಲಕ್ಕೂ ಹೆಚ್ಚು ಕೆಳಗಿಳಿದಿರುವುದು ಕಂಡಿತು. ಎಂಜಿನ್ ತನ್ನ ನಿಜವಾದ ಜಾಗದಲ್ಲಿ ಕೂತಿರದಿದ್ದರೆ ಹೆಡರ್ ಎಷ್ಟೇ ಒಳ್ಳೆಯದಾದರೂ ಸರಿಯಾಗಿ ಕೂರುವುದಿಲ್ಲ. ಅದಲ್ಲದೆ ಎರಡೂ ಕೆಲಸಗಳಿಗೆ ಎಂಜಿನ್ನನ್ನು ಎರಡು ಮೂರು ಅಂಗುಲ ಮೇಲೆತ್ತಲೇಬೇಕಾಗುವುದರಿಂದ, ಮೌಂಟ್ ಮೊದಲು, ಹೆಡರ್ ಆಮೇಲೆ, ಆದರೆ ಎರಡೂ ಒಂದೇ ಎತ್ತುವಿಕೆಯಲ್ಲಿ ಎಂಬ ಕ್ರಮವನ್ನು ನಾನು ಅಂದಿನಿಂದ ಪಾಲಿಸುತ್ತ ಬಂದಿದ್ದೇನೆ.

ಈ ಲೇಖನವು 350 ಘನ ಅಂಗುಲದ, ಅಂದರೆ 5.7 ಲೀಟರಿನ, ಷೆವರ್ಲೆ ಸ್ಮಾಲ್ ಬ್ಲಾಕ್ ಎಂಜಿನ್ ಇರುವ ಮೊದಲ ತಲೆಮಾರಿನ ಕ್ಯಾಮರೊವನ್ನು ಎದುರಿಗಿಟ್ಟುಕೊಂಡು ಬರೆದದ್ದು. 1955ರಲ್ಲಿ 265 ಘನ ಅಂಗುಲದ ರೂಪದಲ್ಲಿ ಮೊದಲು ಬಂದ ಈ ಎಂಜಿನ್ ಕುಟುಂಬದಲ್ಲಿ 350ರ ಗಾತ್ರವು 1967ರ ಕ್ಯಾಮರೊದಲ್ಲಿಯೇ ಮೊದಲ ಬಾರಿಗೆ ಕಾಣಿಸಿಕೊಂಡಿತು. ಎಡ, ಬಲ ಎಂಬ ಮಾತುಗಳನ್ನು ಮುಂದೆಲ್ಲ ಸೀಟಿನಲ್ಲಿ ಕುಳಿತವರ ದೃಷ್ಟಿಯಿಂದ ಬಳಸಿದ್ದೇನೆ; ಅಮೆರಿಕದ ಕಾರಿನಲ್ಲಿ ಚಾಲಕ ಕೂರುವುದು ಎಡಗಡೆಗೆ ಎಂಬುದನ್ನು ನಮ್ಮ ಊರಿನ ಓದುಗರು ನೆನಪಿಟ್ಟುಕೊಳ್ಳಬೇಕು.

ಮೌಂಟ್ ಹೋಗಿದೆಯೇ ಎಂದು ತಿಳಿಯುವುದು

ಸುಮಾರು 260 ಕಿಲೋ ತೂಗುವ ಈ ಎಂಜಿನ್ ಎಡಬಲಗಳಲ್ಲಿ ಒಂದೊಂದು ರಬ್ಬರ್ ಮೌಂಟಿನ ಮೇಲೂ, ಹಿಂದೆ ಗೇರ್‌ಬಾಕ್ಸಿನ ಕೆಳಗಿರುವ ಇನ್ನೊಂದು ಮೌಂಟಿನ ಮೇಲೂ ಕೂತಿರುತ್ತದೆ. ಮುಂದಿನಿಂದ ನೋಡಿದರೆ ಕ್ರ್ಯಾಂಕ್ ಶಾಫ್ಟ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತದೆ. ಆ ತಿರುಗುವಿಕೆಗೆ ಪ್ರತಿಯಾಗಿ, ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಎಂಜಿನ್ನಿನ ಎಡಭಾಗ ಮೇಲೇಳಲು, ಬಲಭಾಗ ಕೆಳಗೆ ಒತ್ತಲು ನೋಡುತ್ತದೆ. ಆದ್ದರಿಂದ ಬಲಗಡೆಯ ಮೌಂಟು ಅದುಮಿಸಿಕೊಳ್ಳುತ್ತ ಬದುಕುತ್ತದೆ, ಎಡಗಡೆಯದು ಎಳೆಸಿಕೊಳ್ಳುತ್ತ ಸವೆಯುತ್ತದೆ. ರಬ್ಬರು ಅದುಮುವಿಕೆಯನ್ನು ತಾಳಿದಷ್ಟು ಎಳೆತವನ್ನು ತಾಳುವುದಿಲ್ಲವಾಗಿ ಮೊದಲು ಹರಿಯುವುದು ಹೆಚ್ಚಾಗಿ ಎಡಗಡೆಯ ಮೌಂಟೇ.

ಇದನ್ನು ಸಣ್ಣ ದೋಷವೆಂದು ಬಿಡುವಂತಿಲ್ಲ ಎಂಬುದಕ್ಕೆ ಈ ಕಾರಿನ ಚರಿತ್ರೆಯೇ ಸಾಕ್ಷಿ. ಎಡಗಡೆಯ ಮೌಂಟ್ ಹರಿದು ಎಂಜಿನ್ ಮೇಲೆದ್ದಾಗ ಆಕ್ಸಿಲರೇಟರಿನ ಸಂಪರ್ಕವು ತಾನಾಗಿಯೇ ಎಳೆದುಕೊಂಡು ಥ್ರಾಟಲ್ ಇನ್ನಷ್ಟು ತೆರೆದುಕೊಳ್ಳುವ ಅಪಾಯವಿದ್ದುದರಿಂದ, 1971ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು 1967ರಿಂದ 1969ರವರೆಗಿನ ಕ್ಯಾಮರೊಗಳೂ ಸೇರಿದಂತೆ ಸುಮಾರು 67 ಲಕ್ಷ ವಾಹನಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು (ರಿಕಾಲ್). ಆಗ ಮಾಡಿದ ಪರಿಹಾರವೆಂದರೆ ಎಂಜಿನ್ ಅತಿಯಾಗಿ ಮೇಲೇಳದಂತೆ ಒಂದು ಉಕ್ಕಿನ ಕೇಬಲ್ ಕಟ್ಟುವುದು. ನಿಮ್ಮ ಕಾರಿನಲ್ಲಿ ಎಡಗಡೆ ಅಂಥ ಕೇಬಲ್ ಇದ್ದರೆ ಅದು ಯಾರೋ ಹಚ್ಚಿದ ತೇಪೆಯಲ್ಲ, ಆ ಕಾಲದ ಅಧಿಕೃತ ದುರಸ್ತಿ ಎಂದು ತಿಳಿಯಿರಿ.

ಪರೀಕ್ಷೆ ಸುಲಭ, ಆದರೆ ಎಚ್ಚರ ಬೇಕು. ಬಾನೆಟ್ ತೆರೆದಿಡಿ, ಹಿಂದಿನ ಗಾಲಿಗಳಿಗೆ ಅಡೆ ಕೊಡಿ, ಪಾರ್ಕಿಂಗ್ ಬ್ರೇಕ್ ಎಳೆಯಿರಿ. ನಂಬಿಕೆಯ ಒಬ್ಬರನ್ನು ಚಾಲಕನ ಸೀಟಿನಲ್ಲಿ ಕೂರಿಸಿ, ಬ್ರೇಕನ್ನು ಬಲವಾಗಿ ತುಳಿದೇ ಇರಲು ಹೇಳಿ, ಆಟೊಮ್ಯಾಟಿಕ್ ಗೇರನ್ನು ಡ್ರೈವ್‌ಗೆ ಹಾಕಿಸಿ, ಆಕ್ಸಿಲರೇಟರನ್ನು ಒಂದು ಕ್ಷಣ ಮಾತ್ರ ಸ್ವಲ್ಪ ಒತ್ತಿಸಿರಿ. ನೀವು ಪಕ್ಕದಲ್ಲಿ ನಿಂತು ನೋಡಬೇಕೇ ಹೊರತು ಕಾರಿನ ಮುಂದೆ ಯಾರೂ ಯಾವ ಕಾರಣಕ್ಕೂ ನಿಲ್ಲಬಾರದು. ಎಂಜಿನ್ ಅಲ್ಪಸ್ವಲ್ಪ ವಾಲುವುದು ಸಹಜ. ಎಡಭಾಗ ಒಂದು ಅಂಗುಲದಷ್ಟು ಎದ್ದು, ಧಡಕ್ಕೆಂದು ಕೆಳಗೆ ಬಿದ್ದರೆ ಮೌಂಟ್ ಹರಿದಿದೆ. ಎಂಜಿನ್ ಆರಿಸಿದ ಮೇಲೆ ಹಾರೆಯಂಥ ಒಂದು ಸಣ್ಣ ಮೀಟುಗೋಲಿನಿಂದ ಮೌಂಟಿನ ಬಳಿ ಮೆಲ್ಲಗೆ ಮೀಟಿ ನೋಡಿದರೆ ರಬ್ಬರು ಲೋಹದಿಂದ ಬಿಟ್ಟುಕೊಂಡಿರುವುದು ಕಣ್ಣಿಗೇ ಕಾಣುತ್ತದೆ. ವಾಲ್ವ್ ಕವರಿನಿಂದ ಎಣ್ಣೆ ಸೋರಿ ಮೌಂಟಿನ ಮೇಲೆ ಇಳಿದಿದ್ದರೆ ಆ ಸೋರಿಕೆಯನ್ನು ಮೊದಲು ನಿಲ್ಲಿಸಬೇಕು. ಇಲ್ಲವಾದರೆ ಹೊಸ ರಬ್ಬರಿಗೂ ಅದೇ ಗತಿ.

ಸಾಮಾನುಗಳ ಆಯ್ಕೆ

ಮೌಂಟುಗಳಲ್ಲಿ ರಬ್ಬರ್, ಪಾಲಿಯುರಿಥೇನ್, ಪೂರ್ತಿ ಲೋಹ ಎಂದು ಮೂರು ಬಗೆ ಸಿಗುತ್ತವೆ. ಲೋಹದ್ದು ರೇಸ್ ಕಾರಿಗೆ ಸರಿ. ದಿನಬಳಕೆಯ ಕಾರಿನಲ್ಲಿ ಅದು ಎಂಜಿನ್ನಿನ ಪ್ರತಿ ಕಂಪನವನ್ನೂ ಸೀಟಿನವರೆಗೆ ತರುತ್ತದೆ. ನನ್ನ ಆಯ್ಕೆಯೆಂದರೆ ಒಳಗೆ ಲೋಹದ ಕೊಂಡಿ ಒಂದರೊಳಗೊಂದು ಸಿಕ್ಕಿಕೊಂಡಿರುವ ಬಗೆಯ ರಬ್ಬರ್ ಮೌಂಟು: ರಬ್ಬರು ಪೂರ್ತಿ ಹರಿದರೂ ಎಂಜಿನ್ ಮೇಲೇಳಲು ಆ ಕೊಂಡಿ ಬಿಡುವುದಿಲ್ಲ. ಹೆಡರಿನ ಬಿಸಿ ಹತ್ತಿರದಲ್ಲೇ ಇರುವುದರಿಂದ ಅಗ್ಗದ ರಬ್ಬರಿಗೆ ಹಣ ಹಾಕುವುದು ಬೇಡ. ಗೇರ್‌ಬಾಕ್ಸಿನ ಮೌಂಟನ್ನೂ ಇದೇ ಸಮಯದಲ್ಲಿ ಪರೀಕ್ಷಿಸಿ, ಬೇಕಿದ್ದರೆ ಬದಲಿಸಿ. ಆದರೆ ಮುಂದೆ ರಬ್ಬರ್ ಇಟ್ಟು ಹಿಂದೆ ಮಾತ್ರ ಲೋಹದ ಮೌಂಟ್ ಹಾಕಬೇಡಿ. ಮುಂದೆ ಎಂಜಿನ್ ಹೊರಳುವಾಗ ಹಿಂದೆ ಅಲುಗಾಡಲಾಗದ ಗೇರ್‌ಬಾಕ್ಸಿನ ಕವಚವೇ ಸೀಳುತ್ತದೆ.

ಕೊಳ್ಳುವಾಗ ಇನ್ನೊಂದು ಮೋಸಹೋಗುವ ಜಾಗವಿದೆ. ಸ್ಮಾಲ್ ಬ್ಲಾಕ್ ಎಂಜಿನ್ನಿನ ಈ ಮೌಂಟುಗಳಲ್ಲಿ ಎತ್ತರವಾಗಿ ಕಿರಿದಾಗಿರುವುದು, ತಗ್ಗಾಗಿ ಅಗಲವಾಗಿರುವುದು ಎಂಬ ಎರಡು ರೂಪಗಳಿವೆ, ಮತ್ತು ಅವು ಕೂರುವ ಫ್ರೇಮಿನ ಪೀಠಗಳೂ ಅದಕ್ಕೆ ತಕ್ಕಂತೆ ಎರಡು ಬಗೆಯಾಗಿವೆ. ಒಂದರ ಮೌಂಟನ್ನು ಇನ್ನೊಂದರ ಪೀಠಕ್ಕೆ ಜೋಡಿಸಿದರೆ ಎಂಜಿನ್ನಿನ ಎತ್ತರ ಬದಲಾಗುತ್ತದೆ, ಇಲ್ಲವೇ ಬೋಲ್ಟೇ ಹೋಗುವುದಿಲ್ಲ. ಐವತ್ತು ವರ್ಷಗಳಲ್ಲಿ ಯಾರು ಏನನ್ನು ಬದಲಿಸಿದ್ದಾರೋ ಹೇಳಲಾಗದು. ಆದ್ದರಿಂದ ಕಾರಿನ ಇಸವಿಯನ್ನು ನಂಬಿ ಕೊಳ್ಳದೆ, ಕಾರಿನಲ್ಲಿ ಈಗಿರುವ ಪೀಠದ ಬಾಯಿಯ ಅಗಲವನ್ನು ಅಳೆದುಕೊಂಡು ಅದಕ್ಕೆ ಹೊಂದುವ ಜೋಡಿಯನ್ನೇ ತನ್ನಿ.

ಹೆಡರ್ ಏಕೆ ಬೇಕು ಎಂಬುದು ಎಂಜಿನ್ನಿನ ಉರಿಯುವ ಕ್ರಮದಲ್ಲಿಯೇ ಅಡಗಿದೆ. ಸ್ಮಾಲ್ ಬ್ಲಾಕ್ ಎಂಜಿನ್ನಿನ ಸಿಲಿಂಡರುಗಳು 1-8-4-3-6-5-7-2 ಎಂಬ ಕ್ರಮದಲ್ಲಿ ಉರಿಯುತ್ತವೆ. ಎಡಗಡೆಗೆ 1, 3, 5, 7, ಬಲಗಡೆಗೆ 2, 4, 6, 8. ಎಡಗಡೆಯಲ್ಲಿ ಪಕ್ಕಪಕ್ಕದಲ್ಲೇ ಇರುವ 5 ಮತ್ತು 7 ಒಂದರ ಹಿಂದೆ ಒಂದು, ಕ್ರ್ಯಾಂಕ್ ಕೇವಲ 90 ಡಿಗ್ರಿ ತಿರುಗುವಷ್ಟರಲ್ಲಿ ಉರಿಯುತ್ತವೆ. ಎರಡೂ ಒಂದೇ ಇಕ್ಕಟ್ಟಾದ ಎರಕದ ಮ್ಯಾನಿಫೋಲ್ಡಿಗೆ (ಕಾರಿನೊಂದಿಗೇ ಬರುವ ಹೊಗೆಯ ಕೊಳವೆಗೆ) ಹೊಗೆಯನ್ನು ತಳ್ಳುವಾಗ, ಒಂದರ ಒತ್ತಡ ಇನ್ನೊಂದರ ಬಾಗಿಲಲ್ಲಿ ನಿಂತು ತಡೆಯುತ್ತದೆ. ಹೆಡರ್ ಪ್ರತಿ ಸಿಲಿಂಡರಿಗೂ ಬೇರೆ ಕೊಳವೆ ಕೊಟ್ಟು, ಸಾಕಷ್ಟು ದೂರ ಸಾಗಿದ ಮೇಲೆ ಮಾತ್ರ ನಾಲ್ಕನ್ನೂ ಒಂದು ಕಲೆಕ್ಟರಿನಲ್ಲಿ ಕೂಡಿಸುತ್ತದೆ. ಮುಂದೆ ಹೋದ ಹೊಗೆ ತನ್ನ ಹಿಂದೆ ಬಿಡುವ ಕಡಿಮೆ ಒತ್ತಡವು ಮುಂದಿನ ಸಿಲಿಂಡರನ್ನು ಖಾಲಿ ಮಾಡಲು ನೆರವಾಗುತ್ತದೆ.

ದಿನಬಳಕೆಯ 350ಕ್ಕೆ 1⅝ ಅಂಗುಲ ವ್ಯಾಸದ ಕೊಳವೆಗಳೂ 3 ಅಂಗುಲದ ಕಲೆಕ್ಟರೂ ಇರುವ ಹೆಡರ್ ಸಾಕು. ಕೊಳವೆ ದೊಡ್ಡದಾದಷ್ಟೂ ಒಳ್ಳೆಯದೆಂಬುದು ತಪ್ಪು ತಿಳಿವಳಿಕೆ. ಅಗತ್ಯಕ್ಕಿಂತ ದಪ್ಪ ಕೊಳವೆಯಲ್ಲಿ ಹೊಗೆಯ ವೇಗ ಕುಗ್ಗಿ, ಊರೊಳಗೆ ಓಡಿಸುವಾಗ ಬೇಕಾದ ಎಳೆತವೇ ಕಡಿಮೆಯಾಗುತ್ತದೆ. ಎಂಜಿನ್ನಿಗೆ ಅಂಟುವ ಫ್ಲ್ಯಾಂಜಿನ ದಪ್ಪ ಕನಿಷ್ಠ 5/16 ಅಂಗುಲ, ಸಾಧ್ಯವಾದರೆ 3/8 ಅಂಗುಲ ಇರಲಿ. ತೆಳುವಾದ ಫ್ಲ್ಯಾಂಜು ಬಿಸಿಗೆ ಸೊಟ್ಟಗಾಗಿ, ಸೋರದಂತೆ ನಡುವೆ ಇಡುವ ಗ್ಯಾಸ್ಕೆಟ್ಟನ್ನು ಸುಡುತ್ತದೆ. ಲೇಪನದ ವಿಷಯದಲ್ಲಿ ಸೆರಾಮಿಕ್ಕಿಗೆ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ಒಹಾಯೊದ ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪು ಬರಿಯ ಬಣ್ಣ ಬಳಿದ ಹೆಡರನ್ನು ಕೆಲವೇ ವರ್ಷಗಳಲ್ಲಿ ತಿಂದುಹಾಕುವುದನ್ನು ಕಂಡಿದ್ದೇನೆ. ನಿಮ್ಮ ಸಿಲಿಂಡರ್ ಹೆಡ್ಡಿನಲ್ಲಿ ಸ್ಪಾರ್ಕ್ ಪ್ಲಗ್ ನೇರವಾಗಿದೆಯೋ ಓರೆಯಾಗಿದೆಯೋ ನೋಡಿಕೊಂಡು, ಅದಕ್ಕೆ ಎಡೆ ಬಿಟ್ಟಿರುವ ಹೆಡರನ್ನೇ ಕೊಳ್ಳಬೇಕು.

ಮೂರು ದಿನಗಳ ಮುಂಚೆಯೇ ಶುರುಮಾಡಿ

ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ತುಕ್ಕು ಹಿಡಿದ ಬೋಲ್ಟುಗಳು. ಪ್ರತಿ ಬದಿಗೆ ಆರರಂತೆ ಹನ್ನೆರಡು ಮ್ಯಾನಿಫೋಲ್ಡ್ ಬೋಲ್ಟುಗಳಿಗೂ, ಸೈಲೆನ್ಸರ್ ಪೈಪು ಸೇರುವ ಕಡೆಯ ನಟ್ಟುಗಳಿಗೂ ಮೂರು ದಿನ ಮೊದಲಿನಿಂದಲೇ ದಿನಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ತುಕ್ಕು ಬಿಡಿಸುವ ಎಣ್ಣೆ ಹಾಕುತ್ತ ಬನ್ನಿ.

ಕೆಲಸದ ದಿನ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕಾರನ್ನು ಸಮತಟ್ಟಾದ ಕಾಂಕ್ರೀಟ್ ನೆಲದ ಮೇಲೆ ನಿಲ್ಲಿಸಿ, ಮುಂದಿನ ಸಬ್‌ಫ್ರೇಮಿನ ಕೆಳಗೆ ಎರಡು, ಹಿಂದಿನ ಆಕ್ಸಲ್ಲಿನ ಕೆಳಗೆ ಎರಡು ಜಾಕ್ ಸ್ಟ್ಯಾಂಡ್ ಕೊಟ್ಟು ನಾಲ್ಕೂ ಗಾಲಿಗಳನ್ನು ನೆಲದಿಂದ ಎತ್ತಿ. ಉದ್ದ ಕೊಳವೆಯ ಹೆಡರ್ ಕೆಳಗಿನಿಂದ ಒಳಗೆ ಹೋಗಬೇಕಾದ್ದರಿಂದ ಕಾರಿನ ಅಡಿಯಲ್ಲಿ ಸುಮಾರು 45ರಿಂದ 50 ಸೆಂಟಿಮೀಟರ್ ಎಡೆ ಬೇಕಾಗುತ್ತದೆ. ಬರೀ ಹೈಡ್ರಾಲಿಕ್ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಒಂದು ಕೈಯನ್ನೂ ಚಾಚಬಾರದು. ಸ್ಟ್ಯಾಂಡ್ ಕೊಟ್ಟ ಮೇಲೆ ಕಾರನ್ನು ಎರಡು ಕೈಗಳಿಂದ ಬಲವಾಗಿ ಅಲುಗಾಡಿಸಿ ನೋಡಿ. ಬೀಳುವುದಾದರೆ ನೀವು ಹೊರಗಿರುವಾಗಲೇ ಬೀಳಲಿ.

ಹಳೆಯ ಮ್ಯಾನಿಫೋಲ್ಡ್ ಬಿಚ್ಚುವುದು

ಎಂಟೂ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದಿಡಿ. ಹೆಡರ್ ಒಳಗೆ ತರುವಾಗ ಅದರ ಫ್ಲ್ಯಾಂಜು ತಾಗಿ ಪಿಂಗಾಣಿ ಒಡೆಯುವುದು ಬಹಳ ಸಾಮಾನ್ಯ. ಕಣ್ಣಿಗೆ ಕಾಣದಂತೆ ಬಿರುಕು ಬಿಟ್ಟ ಪ್ಲಗ್ಗಿನಿಂದ ಎಂಜಿನ್ ಮಿಸ್ ಆಗುವಾಗ ಕಾರಣ ಹುಡುಕುವುದು ಇನ್ನೂ ಕಷ್ಟ. ತಂತಿಗಳಿಗೆ ಸಿಲಿಂಡರಿನ ಸಂಖ್ಯೆ ಬರೆದ ಟೇಪು ಸುತ್ತಿ. ಈ ಇಸವಿಯ ಎಂಜಿನ್ನಿನಲ್ಲಿ ಎಣ್ಣೆ ಅಳೆಯುವ ಕಡ್ಡಿಯ ಕೊಳವೆ ಎಡಗಡೆ ಇರುತ್ತದೆ, ಅದನ್ನೂ ಬಿಡಿಸಿಕೊಳ್ಳಿ. ಆಲ್ಟರ್ನೇಟರಿನ ಬ್ರ್ಯಾಕೆಟ್ ಮ್ಯಾನಿಫೋಲ್ಡಿಗೆ ಜೋಡಿಸಿದ್ದರೆ ಹೆಡರಿಗೆ ಹೊಂದುವ ಬೇರೆ ಬ್ರ್ಯಾಕೆಟ್ಟನ್ನು ಮೊದಲೇ ತಂದಿಟ್ಟುಕೊಂಡಿರಬೇಕು. ಇದನ್ನು ಮರೆತು ಕಾರನ್ನು ಒಂದು ವಾರ ಸ್ಟ್ಯಾಂಡಿನ ಮೇಲೆಯೇ ನಿಲ್ಲಿಸಬೇಕಾದ ಗೆಳೆಯರೊಬ್ಬರನ್ನು ನಾನು ಬಲ್ಲೆ.

ಬೋಲ್ಟುಗಳಿಗೆ ಆರು ಮೂಲೆಯ ಸಾಕೆಟ್ಟನ್ನೇ ಬಳಸಿ, ಹನ್ನೆರಡು ಮೂಲೆಯದು ಸವೆದ ತಲೆಯನ್ನು ಉರುಟಾಗಿಸುತ್ತದೆ. ಬೋಲ್ಟ್ ಅಲುಗದಿದ್ದರೆ ಒಂದೇ ಕಡೆಗೆ ಬಲ ಹಾಕದೆ, ಕೂದಲೆಳೆಯಷ್ಟು ಬಿಗಿ ಮಾಡಿ, ಮತ್ತೆ ಸಡಿಲಿಸಿ, ಹೀಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಎಣ್ಣೆ ಇಳಿಯಲು ಬಿಡಿ. ಆದರೂ ಮುರಿದು, ತುಂಡು ಹೊರಗೆ ಉಳಿದಿದ್ದರೆ ಅದರ ಮೇಲೊಂದು ನಟ್ಟನ್ನು ವೆಲ್ಡ್ ಮಾಡಿಸುವುದು ಉತ್ತಮ ದಾರಿ. ವೆಲ್ಡಿನ ಬಿಸಿಯೇ ತುಕ್ಕನ್ನು ಅರ್ಧ ಬಿಡಿಸಿಬಿಡುತ್ತದೆ. ಒಳಗೇ ಮುರಿದಿದ್ದರೆ ಸರಿಯಾದ ನಡುಬಿಂದುವಿನಲ್ಲಿ ಪಂಚ್ ಹೊಡೆದು, ಎಡಕ್ಕೆ ತಿರುಗುವ ಡ್ರಿಲ್ ಬಿಟ್ಟಿನಿಂದ ನಿಧಾನವಾಗಿ ಕೊರೆಯಬೇಕು. ಕೊರೆದ ರಂಧ್ರಕ್ಕೆ ತೂರಿಸಿ ಮುರಿದ ಬೋಲ್ಟನ್ನು ತಿರುಗಿಸಿ ತೆಗೆಯುವ ಎಕ್ಸ್‌ಟ್ರ್ಯಾಕ್ಟರ್ ಒಳಗೇ ಮುರಿದುಕೊಂಡರೆ ಅದನ್ನು ಮನೆಯ ಡ್ರಿಲ್ ಕೊರೆಯಲಾರದಾದ್ದರಿಂದ, ಅದರ ಮೇಲೆ ಬಲ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಬಲಗಡೆಯ ಮ್ಯಾನಿಫೋಲ್ಡಿನ ಬಾಯಲ್ಲಿ ಹೀಟ್ ರೈಸರ್ ಎಂಬ ಒಂದು ಕವಾಟ ಸಿಗುತ್ತದೆ. ತಣ್ಣಗಿರುವ ಎಂಜಿನ್ನಿನಲ್ಲಿ ಬಿಸಿ ಹೊಗೆಯನ್ನು ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಗೆ ಕಳಿಸುವುದು ಅದರ ಕೆಲಸ. ಹೆಡರ್ ಹಾಕಿದ ಮೇಲೆ ಅದು ಇರುವುದಿಲ್ಲ. ಹಾಗಾಗಿ ಚಳಿಗಾಲದಲ್ಲಿ ಚೋಕ್ ತೆರೆದುಕೊಳ್ಳುವುದು ತಡವಾಗುತ್ತದೆ, ಆಮೇಲೆ ಚೋಕನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಮ್ಯಾನಿಫೋಲ್ಡುಗಳು ಹೊರಬಂದ ಮೇಲೆ ಹೆಡ್ಡಿನ ಮೈಯನ್ನು ಗ್ಯಾಸ್ಕೆಟ್ ತುಣುಕು ಉಳಿಯದಂತೆ ಕೆರೆದು ಒರೆಸಿ, ಪ್ರತಿ ರಂಧ್ರದ ಮರೆಗಳನ್ನು (ತಿರುಪಿನ ಗೆರೆಗಳನ್ನು) 3/8 ಅಂಗುಲದ, ಅಂಗುಲಕ್ಕೆ 16 ಮರೆಯ ಟ್ಯಾಪಿನಿಂದ ಒಮ್ಮೆ ಶುಚಿಗೊಳಿಸಿ. ಎಕ್ಸಾಸ್ಟ್ ಬಾಯಿಗಳಿಗೆ ಬಟ್ಟೆ ತುರುಕಿಟ್ಟಿದ್ದರೆ ಆ ಬಟ್ಟೆಗಳನ್ನು ಎಣಿಸಿಟ್ಟುಕೊಳ್ಳಿ.

ಎಂಜಿನ್ ಎತ್ತುವುದು

ಎತ್ತುವ ಮೊದಲು ಏನೇನು ಎಳೆದುಕೊಳ್ಳುತ್ತದೆ, ಏನೇನು ತಾಗುತ್ತದೆ ಎಂದು ನಿಧಾನವಾಗಿ ಒಂದು ಸುತ್ತು ನೋಡಿ. ಈ ಎಂಜಿನ್ನಿನ ಡಿಸ್ಟ್ರಿಬ್ಯೂಟರ್ ಹಿಂದುಗಡೆ, ಕ್ಯಾಬಿನ್ನಿನ ಗೋಡೆಗೆ ಅಂಟಿದಂತೆ ಇರುವುದರಿಂದ ಅದರ ಕ್ಯಾಪನ್ನು ತೆಗೆಯದೆ ಎತ್ತಿದರೆ ಒಡೆಯುವುದು ಖಂಡಿತ. ರೇಡಿಯೇಟರಿನ ಹಿಂದಿನ ಫ್ಯಾನ್ ಕವಚವನ್ನು ಬಿಚ್ಚಿ ಹಿಂದಕ್ಕೆ ಸರಿಸಿ, ಇಲ್ಲವಾದರೆ ಫ್ಯಾನಿನ ರೆಕ್ಕೆ ಅದನ್ನು ಸೀಳುತ್ತದೆ. ಆಕ್ಸಿಲರೇಟರಿನ ಸಂಪರ್ಕ, ಅರ್ಥಿಂಗ್ ಪಟ್ಟಿಗಳು, ಬಿಗಿಯಾಗಿರುವ ಹೋಸುಗಳು, ಹಳೆಯ ರಿಕಾಲ್ ಕೇಬಲ್ ಇದ್ದರೆ ಅದು, ಕೈಗೇರಿನ ಕಾರಾದರೆ ಎಡಗಡೆಯ ಕ್ಲಚ್ ಸಂಪರ್ಕ, ಇವೆಲ್ಲವನ್ನೂ ಬಿಡಿಸಿ.

ಎಂಜಿನ್ ಎತ್ತಲು ನಾನು ಸಣ್ಣ ಕ್ರೇನನ್ನೇ ಬಾಡಿಗೆಗೆ ತರುತ್ತೇನೆ. ಒಂದು ಸಿಲಿಂಡರ್ ಹೆಡ್ಡಿನ ಮುಂತುದಿಯ ರಂಧ್ರಕ್ಕೂ ಇನ್ನೊಂದರ ಹಿಂತುದಿಯ ರಂಧ್ರಕ್ಕೂ ಗಟ್ಟಿ ಬೋಲ್ಟಿನಿಂದ ಸರಪಳಿ ಕಟ್ಟಿದರೆ ಎಂಜಿನ್ ಸಮವಾಗಿ ಏಳುತ್ತದೆ. ಕ್ರೇನ್ ಸಿಗದಿದ್ದರೆ ಆಯಿಲ್ ಪ್ಯಾನಿನ ಕೆಳಗೆ, ಅದರ ತಳವನ್ನೆಲ್ಲ ಆವರಿಸುವಷ್ಟು ಅಗಲದ ದಪ್ಪ ಹಲಗೆ ಇಟ್ಟು ಜಾಕಿನಿಂದ ಎತ್ತುವವರಿದ್ದಾರೆ. ಹಲಗೆಯಿಲ್ಲದೆ ಎತ್ತಿದರೆ ಪ್ಯಾನು ನೆಗ್ಗುತ್ತದೆ. ಎಣ್ಣೆ ಹೀರುವ ಜಾಲರಿ ಪ್ಯಾನಿನ ತಳಕ್ಕೆ ತೀರ ಹತ್ತಿರವಿರುವುದರಿಂದ ಆ ನೆಗ್ಗು ಎಂಜಿನ್ನಿಗೆ ಎಣ್ಣೆ ಸಿಗದಂತೆ ಮಾಡಬಲ್ಲದು. ಕ್ರ್ಯಾಂಕಿನ ಮುಂತುದಿಯಲ್ಲಿ ಕಂಪನ ತಗ್ಗಿಸಲು ಇರುವ ಹಾರ್ಮೋನಿಕ್ ಬ್ಯಾಲೆನ್ಸರಿಗೆ ಜಾಕ್ ಕೊಡಲೇಬಾರದು, ಅದರ ಹೊರಗಿನ ಉಂಗುರ ಒಳಭಾಗಕ್ಕೆ ಹಿಡಿದುಕೊಂಡಿರುವುದು ರಬ್ಬರಿನಿಂದ.

ಸರಪಳಿ ತೂಕ ಹೊರುವಷ್ಟು ಮಾತ್ರ ಬಿಗಿಯಾದಾಗ, ಮೌಂಟನ್ನು ಫ್ರೇಮಿನ ಪೀಠಕ್ಕೆ ಹಿಡಿದಿರುವ ಎರಡೂ ಬದಿಯ ಉದ್ದ ಬೋಲ್ಟುಗಳ ನಟ್ಟು ತೆಗೆದು, ಬೋಲ್ಟನ್ನು ಹೊರಗೆ ತಟ್ಟಿ. ಈಗ ಎಂಜಿನ್ನನ್ನು ಅರ್ಧ ಅಂಗುಲ ಎತ್ತಿ, ನಿಂತು, ಸುತ್ತಲೂ ನೋಡಿ. ಮತ್ತೆ ಅರ್ಧ ಅಂಗುಲ. ಹೀಗೆ ಎರಡರಿಂದ ಮೂರು ಅಂಗುಲದವರೆಗೆ ಎತ್ತಿದರೆ ಸಾಕು. ಎತ್ತಿದ ಕೂಡಲೇ ಬ್ಲಾಕಿಗೂ ಫ್ರೇಮಿಗೂ ನಡುವೆ ಗಟ್ಟಿ ಮರದ ತುಂಡುಗಳನ್ನು ಇಡಿ. ಆ ತುಂಡುಗಳು ಇರದ ಎಡೆಯಲ್ಲಿ ಬೆರಳು ತೂರಿಸಬೇಡಿ.

ಮೌಂಟ್ ಕೂರಿಸುವುದು

ಪ್ರತಿ ಮೌಂಟು ಬ್ಲಾಕಿಗೆ ಮೂರು ಬೋಲ್ಟುಗಳಿಂದ ಹಿಡಿದಿರುತ್ತದೆ. ಹಳೆಯದನ್ನು ಬಿಚ್ಚಿ ಹೊಸದರ ಪಕ್ಕದಲ್ಲಿಟ್ಟು ಅಗಲ, ರಂಧ್ರಗಳ ಅಂತರ ಎರಡನ್ನೂ ಹೋಲಿಸಿ. ಎತ್ತರದಲ್ಲಿ ಹಳೆಯದು ಕುಸಿದಿರುವುದು ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಫ್ರೇಮಿನ ಪೀಠವನ್ನು ವೈರ್ ಬ್ರಷ್ಷಿನಿಂದ ಉಜ್ಜಿ ಬಿರುಕಿದೆಯೇ ನೋಡಿ, ಅದರ ಬೋಲ್ಟುಗಳನ್ನೂ ಬಿಗಿ ಮಾಡಿ. ಬ್ಲಾಕಿನ ರಂಧ್ರಗಳಿಗೆ ಹಳೆಯವುಗಳಷ್ಟೇ ಉದ್ದದ ಬೋಲ್ಟುಗಳನ್ನೇ ಬಳಸಬೇಕು. ಮೂರನ್ನೂ ಮೊದಲು ಕೈಯಲ್ಲಿಯೇ ತಿರುಗಿಸಿ ಹತ್ತಿಸಿ, ಆಮೇಲೆ ಸುಮಾರು 30 ಪೌಂಡ್-ಅಡಿ, ಅಂದರೆ 40 ನ್ಯೂಟನ್ ಮೀಟರಿಗೆ, ಬಿಗಿಯ ಬಲ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿ ಮಾಡಿ. ಹೆಡರ್ ಬಂದ ಮೇಲೆ ಈ ಬೋಲ್ಟುಗಳಿಗೆ ಸ್ಪ್ಯಾನರ್ ತಲುಪುವುದಿಲ್ಲ; ಈಗಲೇ ಎರಡು ಸಲ ಪರೀಕ್ಷಿಸಿ, ಬೋಲ್ಟಿನ ತಲೆಗೆ ಬಣ್ಣದ ಗುರುತು ಹಾಕಿ.

ಈ ಹಂತದಲ್ಲಿ, ಎಂಜಿನ್ ಇನ್ನೂ ಮೇಲಿರುವಾಗಲೇ, ಹೆಡರುಗಳನ್ನು ಒಳಗೆ ತರಬೇಕು. ಎಡಗಡೆಯದು ಸ್ಟೀರಿಂಗ್ ಬಾಕ್ಸು ಮತ್ತು ದಂಡವನ್ನು ಬಳಸಿ ಹೋಗಬೇಕಾದ್ದರಿಂದ ಅದೇ ಕಷ್ಟದ್ದು, ಅದನ್ನು ಮೊದಲು ಮಾಡಿ. ಒಬ್ಬರು ಕೆಳಗಿನಿಂದ ತಳ್ಳುತ್ತ, ಇನ್ನೊಬ್ಬರು ಮೇಲಿನಿಂದ ಹಿಡಿದು ತಿರುಗಿಸುತ್ತ ಹೋದರೆ ದಾರಿ ಸಿಗುತ್ತದೆ. ಸಿಗದಿದ್ದರೆ ಬಲ ಹಾಕದೆ ಕೋನ ಬದಲಿಸಿ. ಕೆಲವು ಹೆಡರುಗಳಿಗೆ ಸ್ಟೀರಿಂಗಿನ ಕೊಂಡಿಯನ್ನು ಬಿಚ್ಚಿ ಇಳಿಸಬೇಕಾಗುತ್ತದೆ, ಹಾಗೆ ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಕಾಟರ್ ಪಿನ್ ಹೊಸದೇ ಆಗಿರಬೇಕು. ಬಲಗಡೆಯದಕ್ಕೆ ಸ್ಟಾರ್ಟರ್ ಮೋಟಾರನ್ನು ಇಳಿಸಿಕೊಂಡರೆ ಹಾದಿ ಸಲೀಸು. ಎರಡೂ ಹೆಡರುಗಳು ಒಳಬಂದ ಮೇಲೆ ತಂತಿಯಿಂದ ಸಡಿಲವಾಗಿ ಕಟ್ಟಿ ತೂಗಿಬಿಡಿ.

ಆಮೇಲೆ ಮರದ ತುಂಡು ತೆಗೆದು ಎಂಜಿನ್ನನ್ನು ಮೆಲ್ಲನೆ ಇಳಿಸಿ. ರಂಧ್ರಗಳು ಒಂದೇ ಸಲಕ್ಕೆ ಹೊಂದುವುದು ಅಪರೂಪ. ಮೊನಚಾದ ಉಕ್ಕಿನ ಕಡ್ಡಿಯೊಂದನ್ನು ತೂರಿಸಿ ಜಗ್ಗಿದರೆ ಸಾಲಿಗೆ ಬರುತ್ತವೆ. ಉದ್ದ ಬೋಲ್ಟನ್ನು ಮುಂದೊಂದು ದಿನ ಹೆಡರ್ ಬಿಚ್ಚದೆಯೇ ಹೊರತೆಗೆಯಲು ಬರುವ ದಿಕ್ಕಿನಿಂದ ಹಾಕಿ. ಎರಡೂ ಬದಿಯವು ಒಳಗೆ ಹೋದ ಮೇಲೆ, ಎಂಜಿನ್ನಿನ ಪೂರ್ತಿ ತೂಕ ಮೌಂಟುಗಳ ಮೇಲೆ ಬಂದು, ಒಮ್ಮೆ ಕೈಯಿಂದ ಎಂಜಿನ್ನನ್ನು ಅಲುಗಿಸಿ ರಬ್ಬರು ತನ್ನ ಜಾಗಕ್ಕೆ ಕೂತ ಬಳಿಕವೇ ನಟ್ಟುಗಳನ್ನು ಸುಮಾರು 50 ಪೌಂಡ್-ಅಡಿಗೆ, ಅಂದರೆ 68 ನ್ಯೂಟನ್ ಮೀಟರಿಗೆ ಬಿಗಿಮಾಡಿ. ನಿಮ್ಮ ಮೌಂಟಿನ ಜೊತೆ ಬಂದ ಕಾಗದದಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಅನುಸರಿಸಿ.

ಹೆಡರ್ ಬಿಗಿಯುವುದು

ಈಗ ಎಂಜಿನ್ ತನ್ನ ನಿಜವಾದ ಎತ್ತರದಲ್ಲಿದೆ. ಹೆಡರ್ ಎಲ್ಲಿ ತಾಗುತ್ತದೆ ಎಂಬ ತೀರ್ಮಾನಕ್ಕೆ ಇದಕ್ಕಿಂತ ಮೊದಲು ಅರ್ಥವಿರಲಿಲ್ಲ. ಫ್ಲ್ಯಾಂಜಿನ ಮೇಲೆ ಉಕ್ಕಿನ ನೇರಪಟ್ಟಿ ಇಟ್ಟು ನೋಡುವುದನ್ನು ಹೆಡರ್ ಕೊಂಡ ದಿನವೇ ಮಾಡಿರಬೇಕು. ಅರ್ಧ ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡರೆ ಹಿಂತಿರುಗಿಸುವುದೇ ಲೇಸು.

ಮೊದಲು ಎರಡು ತುದಿಯ ಬೋಲ್ಟುಗಳನ್ನು ನಾಲ್ಕೈದು ಸುತ್ತು ಮಾತ್ರ ಹತ್ತಿಸಿ, ಅವುಗಳ ನಡುವೆ ಗ್ಯಾಸ್ಕೆಟ್ ಇಳಿಬಿಡಿ. ಬೋಲ್ಟಿನ ಮರೆಗಳಿಗೆ ಬಿಸಿ ತಾಳುವ ಆಂಟಿ-ಸೀಜ್ ಲೇಪ ಹಚ್ಚಿ. ಆರೂ ಬೋಲ್ಟುಗಳು ಕೈಯಲ್ಲಿಯೇ ಹತ್ತಬೇಕು. ಒಂದು ಹತ್ತದಿದ್ದರೂ ಸ್ಪ್ಯಾನರ್ ಎತ್ತದೆ ಉಳಿದವುಗಳನ್ನು ಸಡಿಲಿಸಿ ಹೊಂದಿಸಿ. ಬಿಗಿಮಾಡುವಾಗ ನಡುವಿನಿಂದ ಆರಂಭಿಸಿ ಎರಡೂ ತುದಿಗಳ ಕಡೆಗೆ ಹೋಗಿ, ಒಂದೇ ಸಲಕ್ಕೆ ಮುಗಿಸದೆ ಮೂರು ಸುತ್ತುಗಳಲ್ಲಿ 20ರಿಂದ 25 ಪೌಂಡ್-ಅಡಿಗೆ, ಅಂದರೆ 27ರಿಂದ 34 ನ್ಯೂಟನ್ ಮೀಟರಿಗೆ ತನ್ನಿ. ಒಂದೆರಡು ಬೋಲ್ಟುಗಳಿಗೆ ಟಾರ್ಕ್ ರೆಂಚ್ ತಲುಪುವುದೇ ಇಲ್ಲ. ತಲುಪುವ ಬೋಲ್ಟೊಂದನ್ನು ರೆಂಚಿನಿಂದ ಬಿಗಿಮಾಡಿ, ಅದನ್ನೇ ಗಿಡ್ಡ ಸ್ಪ್ಯಾನರಿನಿಂದ ಮುಟ್ಟಿ ನೋಡಿ ಕೈಗೆ ಆ ಬಲದ ಅಂದಾಜು ಕೊಟ್ಟುಕೊಳ್ಳುವುದು ನಾನು ಅನುಸರಿಸುವ ದಾರಿ.

ಇನ್ನು ಎಡೆ ನೋಡುವುದು. ಸ್ಟೀರಿಂಗ್ ಚಕ್ರವನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಇನ್ನೊಬ್ಬರಿಂದ ತಿರುಗಿಸುತ್ತ ದಂಡವೂ ಕೊಂಡಿಗಳೂ ಕೊಳವೆಗೆ ತಾಗದಿರುವುದನ್ನು ಕಣ್ಣಾರೆ ನೋಡಿ. ಎಂಜಿನ್ ಎಡಕ್ಕೆ ಏಳುತ್ತ, ಬಲಕ್ಕೆ ಒತ್ತುತ್ತ ಇರುವುದರಿಂದ ನಿಂತಾಗ ಕಾಣುವ ಎಡೆ ಓಡುವಾಗ ಉಳಿಯುವುದಿಲ್ಲ. ಎಲ್ಲ ಕಡೆಯೂ ಅರ್ಧ ಅಂಗುಲವಾದರೂ ಇರಲಿ. ಬ್ರೇಕಿನ ಪೈಪು ಮತ್ತು ಬಲಗಡೆಯ ಪೆಟ್ರೋಲ್ ಪಂಪಿನ ಲೋಹದ ನಳಿಕೆ ಇವೆರಡನ್ನು ವಿಶೇಷವಾಗಿ ಗಮನಿಸಿ. ಸ್ಟಾರ್ಟರಿಗೆ ಬಿಸಿ ತಡೆಯುವ ತಗಡು ಅಥವಾ ಹೊದಿಕೆ ಹಾಕದಿದ್ದರೆ, ದೂರ ಓಡಿಸಿ ಪೆಟ್ರೋಲ್ ಹಾಕಿಸಲು ನಿಲ್ಲಿಸಿದ ಕಾರು ಮತ್ತೆ ಸ್ಟಾರ್ಟ್ ಆಗದೆ ಸತಾಯಿಸುತ್ತದೆ. ಪ್ಲಗ್ ತಂತಿಗಳನ್ನು ಕೊಂಡಿಗಳಲ್ಲಿ ಹಿಡಿಸಿ ಕೊಳವೆಯಿಂದ ದೂರವಿಡಿ. ಕಲೆಕ್ಟರನ್ನು ಸೈಲೆನ್ಸರ್ ಪೈಪಿಗೆ ಜೋಡಿಸುವುದು ಕೊನೆಗೆ. ಪೈಪನ್ನು ಎಳೆದು ತಂದು ಸೇರಿಸಿದರೆ ಆ ಎಳೆತ ಗ್ಯಾಸ್ಕೆಟ್ಟಿನ ಮೇಲೆಯೇ ಬೀಳುತ್ತದೆ, ಹಾಗಾಗಿ ಬೇಕಿದ್ದರೆ ಕತ್ತರಿಸಿ ವೆಲ್ಡ್ ಮಾಡಿಸಿ.

ಮೊದಲ ಸ್ಟಾರ್ಟ್ ಮತ್ತು ನಂತರ

ಎಂಜಿನ್ ಹಚ್ಚುವ ಮೊದಲೇ ಸೋರಿಕೆ ಹುಡುಕಲು ಒಂದು ಸುಲಭ ಉಪಾಯವಿದೆ: ಗಾಳಿ ಊದುವ ವ್ಯಾಕ್ಯೂಮ್ ಕ್ಲೀನರಿನ ಕೊಳವೆಯನ್ನು ಹಿಂದಿನ ಸೈಲೆನ್ಸರಿಗೆ ಹಿಡಿದು, ಫ್ಲ್ಯಾಂಜುಗಳ ಸುತ್ತ ಸಾಬೂನು ನೀರು ಸಿಂಪಡಿಸಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಇಗ್ನಿಷನ್ನಿನ ತಂತಿಗಳ ಕ್ರಮ, ಆಕ್ಸಿಲರೇಟರ್ ಪೂರ್ತಿ ಮರಳುತ್ತದೆಯೇ ಎಂಬುದು, ಬಾನೆಟ್ ಮುಚ್ಚಿದಾಗ ಏರ್ ಕ್ಲೀನರ್ ತಾಗುತ್ತದೆಯೇ ಎಂಬುದು, ಇವಿಷ್ಟನ್ನು ನೋಡಿಕೊಂಡು, ಕಾರನ್ನು ಗ್ಯಾರೇಜಿನ ಹೊರಗೆ ತಳ್ಳಿ ಸ್ಟಾರ್ಟ್ ಮಾಡಿ. ಹೊಸ ಹೆಡರಿನ ಮೇಲಿನ ಎಣ್ಣೆ ಮತ್ತು ಲೇಪನ ಸುಡುವ ಹೊಗೆ ಹತ್ತು ನಿಮಿಷ ಬರುವುದು ಸಹಜ. ಆದರೆ ಎಕ್ಸಾಸ್ಟಿನ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲವಾದ್ದರಿಂದ ಮುಚ್ಚಿದ ಗ್ಯಾರೇಜಿನಲ್ಲಿ ಇದನ್ನು ಮಾಡಲೇಬಾರದು.

ಎಂಜಿನ್ ಈಗ ಹೆಚ್ಚು ಸಲೀಸಾಗಿ ಉಸಿರಾಡುವುದರಿಂದ ಕಾರ್ಬ್ಯುರೇಟರಿನ ಹಳೆಯ ಹೊಂದಾಣಿಕೆಯಲ್ಲಿ ಪೆಟ್ರೋಲು ಕಡಿಮೆಯಾಗಬಹುದು. ಸುಮಾರು ನೂರು ಕಿಲೋಮೀಟರ್ ಓಡಿಸಿದ ಮೇಲೆ ಪ್ಲಗ್ ತೆಗೆದು ನೋಡಿ; ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಜೆಟ್ ದೊಡ್ಡದು ಮಾಡಬೇಕು.

ಕಾನೂನಿನ ಒಂದು ಮಾತು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಂದ ವಿನಾಯಿತಿಯಿದೆ, ಆದರೆ ಅದಕ್ಕಿಂತ ಹೊಸ ಕಾರಿಗೆ ಆ ರಾಜ್ಯದ ಅನುಮತಿ ಸಂಖ್ಯೆ ಇಲ್ಲದ ಹೆಡರ್ ಹಾಕುವಂತಿಲ್ಲ. ಕರ್ನಾಟಕದಲ್ಲಿ ಇದನ್ನು ಓದಿ ತಮ್ಮ ಕಾರಿಗೂ ಹೆಡರ್ ಹಾಕಿಸಲು ಹೊರಡುವವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಬೇಕು. ಇಂದಿನ ಅನೇಕ ಕಾರುಗಳಲ್ಲಿ ಮ್ಯಾನಿಫೋಲ್ಡಿಗೆ ಅಂಟಿದಂತೆಯೇ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದರಿಂದ ಹೆಡರ್ ಹಾಕುವುದೆಂದರೆ ಅದನ್ನು ಕಿತ್ತುಹಾಕಿದಂತೆ; ಅದನ್ನು ನಾನು ಯಾರಿಗೂ ಸಲಹೆ ಮಾಡಲಾರೆ. ಮೌಂಟಿನ ಪರೀಕ್ಷೆ ಮಾತ್ರ ಯಾವ ಕಾರಿಗಾದರೂ ಬೇಕಾದದ್ದೇ.

ಮೊದಲ ಓಟ ಮುಗಿಸಿ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಸಾಮಾನ್ಯವಾಗಿ ಮರುದಿನ ಬೆಳಿಗ್ಗೆ, ಹನ್ನೆರಡೂ ಹೆಡರ್ ಬೋಲ್ಟುಗಳನ್ನು ಮತ್ತೆ ಬಿಗಿಮಾಡಿ. ಗ್ಯಾಸ್ಕೆಟ್ ಅದುಮಿಕೊಂಡಿರುವುದರಿಂದ ಬಹುತೇಕ ಎಲ್ಲವೂ ಒಂದಿಷ್ಟು ತಿರುಗುತ್ತವೆ. 150 ಕಿಲೋಮೀಟರ್ ಓಡಿದ ಮೇಲೆ ಒಂದು ಸಲ, 800 ಕಿಲೋಮೀಟರ್ ಓಡಿದ ಮೇಲೆ ಇನ್ನೊಂದು ಸಲ ಇದನ್ನೇ ಮಾಡಿ. ಆ ಎರಡನೆಯ ಸಲ ಕಾರನ್ನು ಸ್ಟ್ಯಾಂಡಿನ ಮೇಲೇರಿಸಿ ಮೌಂಟಿನ ಉದ್ದ ಬೋಲ್ಟುಗಳ ನಟ್ಟನ್ನೂ ಪರೀಕ್ಷಿಸಿ, ಕೊಳವೆಗಳ ಮೇಲೆ ಎಲ್ಲಾದರೂ ಹೊಳಪಾದ ಉಜ್ಜಿದ ಗುರುತು ಬಿದ್ದಿದೆಯೇ ಟಾರ್ಚ್ ಹಿಡಿದು ನೋಡಿ. ಗುರುತು ಕಂಡರೆ ಅಲ್ಲಿ ಏನೋ ತಾಗುತ್ತಿದೆ. ಹಾಗಿದ್ದರೆ ಕೊಳವೆಯನ್ನು ಬಡಿಯುವ ಮೊದಲು ಮೌಂಟಿನ ನಟ್ಟು ಸಡಿಲವಾಗಿದೆಯೇ ಎಂದು ಕೈಯಿಟ್ಟು ನೋಡಿಕೊಳ್ಳಿ.